ಹಳೇ ಜಾವಾ, ಯೆಜ್ಡಿ ಓಡಿಸುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಗ್ನಲ್‌ನಲ್ಲಿ, ಪೆಟ್ರೋಲ್ ಬಂಕ್‌ನಲ್ಲಿ, ಮದುವೆ ಛತ್ರದ ಪಾರ್ಕಿಂಗ್‌ನಲ್ಲಿ, ಭಾನುವಾರದ ತಿಂಡಿ ರೈಡ್‌ನಲ್ಲಿ ಈ ಹಳೇ ಬೈಕ್ ನೋಡಿ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಗಾಡಿಯನ್ನು ಉಜ್ಜಿ ಹೊಳೆಸಿ ಶೆಡ್‌ನಲ್ಲಿ ಇಡುವವರಿಗೆ ಇದರಿಂದ ಅಂಥ ಉಪಯೋಗ ಇಲ್ಲ. ಆಫೀಸಿಗೆ, ತರಕಾರಿಗೆ, ಭಾನುವಾರದ ಸುತ್ತಾಟಕ್ಕೆ ಎಲ್ಲದಕ್ಕೂ ಇದೇ ಗಾಡಿ ಬೇಕು ಅನ್ನುವವರಿಗೆ ಬರೆದದ್ದು.

ಅಣ್ಣಾ, ಇದು ಬುಲೆಟ್ಟಾ?

ಅಲ್ಲ. ಬುಲೆಟ್ ನಾಲ್ಕು ಸ್ಟ್ರೋಕ್, ಇದು ಎರಡು ಸ್ಟ್ರೋಕ್. ಇದಕ್ಕೆ ಒಂದೇ ಸಿಲಿಂಡರ್, ಆದರೂ ಎರಡು ಸೈಲೆನ್ಸರ್. ಆ ಎರಡು ಪೈಪ್ ನೋಡಿದರೆ ದೂರದಿಂದಲೇ ಗೊತ್ತಾಗುತ್ತದೆ. ಈ ಪ್ರಶ್ನೆ ಕೇಳುವವರ ಮೇಲೆ ಸಿಟ್ಟಾಗಬೇಡಿ. ಅವರ ಹಿಂದೆಯೇ ಅರವತ್ತು ದಾಟಿದ ಯಜಮಾನರೊಬ್ಬರು ಬಂದು, ಟ್ಯಾಂಕ್ ಮೇಲೆ ಕೈ ಇಟ್ಟು, "ನಂದೂ ಒಂದಿತ್ತು ಕಣಪ್ಪ, ಮಾರಿಬಿಟ್ಟೆ" ಅನ್ನುತ್ತಾರೆ. ಅವರ ಜೊತೆ ಎರಡು ನಿಮಿಷ ನಿಂತು ಮಾತಾಡಿ. ಎಷ್ಟೋ ಸಲ ಅವರ ಅಟ್ಟದ ಮೇಲೆ ಹಳೇ ಕಾರ್ಬ್ಯುರೇಟರ್ ಒಂದು ಬಿದ್ದಿರುತ್ತದೆ!

ಮೈಸೂರಿಗೂ ಈ ಗಾಡಿಗೂ ಏನು ಸಂಬಂಧ?

ಹುಟ್ಟಿದ್ದೇ ಅಲ್ಲಿ. ಜಾವಾ ಮೂಲದಲ್ಲಿ ಜೆಕ್ ಕಂಪನಿ, 1929ರಲ್ಲಿ ಶುರುವಾದದ್ದು. ವಿದೇಶಿ ಬೈಕ್ ತರಿಸುವುದಕ್ಕೆ ಸರ್ಕಾರ ತಡೆ ಹಾಕಿದ ಮೇಲೆ ಮುಂಬೈನ ಪಾರ್ಸಿ ಉದ್ಯಮಿಗಳಾದ ರುಸ್ತುಂ ಇರಾನಿ, ಫರೂಕ್ ಇರಾನಿ ಸೇರಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಮೊದಲು ಜಾವಾ ಹೆಸರಲ್ಲಿ ಬಂದವು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಮೈಸೂರಿನಲ್ಲಿ ಇವತ್ತಿಗೂ ಅಪ್ಪನೋ ಚಿಕ್ಕಪ್ಪನೋ 'ಜಾವಾ ಫ್ಯಾಕ್ಟರಿ'ಯಲ್ಲಿದ್ದರು ಅನ್ನುವ ಮನೆಗಳು ಸಿಗುತ್ತವೆ. ಆ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು ಆಮೇಲೆ ಊರೂರಲ್ಲಿ ಗ್ಯಾರೇಜ್ ಹಾಕಿದರು. ನಮ್ಮ ಕಡೆ ಈ ಗಾಡಿಗಳು ಇನ್ನೂ ಓಡುತ್ತಿರುವುದಕ್ಕೆ ಅದೂ ಒಂದು ಕಾರಣ.

ಹೊಸ ಜಾವಾ, ಹೊಸ ಯೆಜ್ಡಿ ಬಂದಿವೆಯಲ್ಲ, ಅದನ್ನೇ ತಗೊಂಡರೆ ಆಗಲ್ವಾ?

ಖಂಡಿತ ತಗೊಳ್ಳಿ. ಮಹೀಂದ್ರಾದ ಕ್ಲಾಸಿಕ್ ಲೆಜೆಂಡ್ಸ್ 2018ರಲ್ಲಿ ಜಾವಾವನ್ನು, 2022ರಲ್ಲಿ ಯೆಜ್ಡಿಯನ್ನು ಮತ್ತೆ ತಂದಿತು. ಅವು ನಾಲ್ಕು ಸ್ಟ್ರೋಕ್, ಲಿಕ್ವಿಡ್ ಕೂಲಿಂಗ್, ಸೆಲ್ಫ್ ಸ್ಟಾರ್ಟ್. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಬೆಳಗ್ಗೆ ಗುಂಡಿ ಒತ್ತಿ ಹೊರಡಬೇಕು, ಕೈಗೆ ಗ್ರೀಸ್ ಆಗಬಾರದು ಅನ್ನುವವರಿಗೆ ಅದೇ ಸರಿ. ಹಳೇದರ ಒಂದು ಸ್ಪೇರ್ ಕೂಡ ಹೊಸದಕ್ಕೆ ಆಗುವುದಿಲ್ಲ, ಹೊಸದರದ್ದು ಹಳೇದಕ್ಕೂ ಆಗುವುದಿಲ್ಲ. ರೈಡ್‌ಗೆ ಮಾತ್ರ ಎರಡೂ ಒಟ್ಟಿಗೆ ಬರಬಹುದು, ನಮ್ಮಲ್ಲಿ ಆ ಮಡಿ ಮೈಲಿಗೆ ಇಲ್ಲ.

ಹಳೇದನ್ನ ದಿನಾ ಓಡಿಸೋಕೆ ಆಗುತ್ತಾ? ನಿಜ ಹೇಳಿ.

ಆಗುತ್ತದೆ. ಇನ್ನೂ ಹೇಳಬೇಕೆಂದರೆ ದಿನಾ ಓಡಿಸಿದರೇ ಅದು ಸರಿಯಾಗಿರುತ್ತದೆ. ಈ ಇಂಜಿನ್‌ಗಳಿಗೆ ಕಾಯಿಲೆ ಬರುವುದು ಓಡಿಸುವುದರಿಂದಲ್ಲ, ನಿಲ್ಲಿಸುವುದರಿಂದ. ನಿಂತ ಗಾಡಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಒಣಗಿ ಗಟ್ಟಿಯಾಗುತ್ತದೆ. ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಎಣ್ಣೆಯ ಅಂಟು ಮಾತ್ರ ಉಳಿದು ಜೆಟ್‌ನ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಕಿಡಿ ಹುಟ್ಟಿಸುವ ಪಾಯಿಂಟ್ಸ್ ಮೇಲೆ ಕಿಲುಬು ಕೂರುತ್ತದೆ, ಬ್ಯಾಟರಿ ಸಾಯುತ್ತದೆ. ಆಮೇಲೆ ಒಂದು ಭಾನುವಾರ ಹೊರಗೆ ತೆಗೆದು, ಅರ್ಧ ದಾರಿಯಲ್ಲಿ ನಿಂತಾಗ "ಹಳೇ ಗಾಡಿ ಅಂದ್ರೆ ಇಷ್ಟೇ" ಅನ್ನುತ್ತಾರೆ. ವಾರಕ್ಕೆ ಮೂರ್ನಾಲ್ಕು ದಿನ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಸದ್ದು ಸ್ವಲ್ಪ ಬದಲಾದರೂ ನಿಮ್ಮ ಕಿವಿಗೆ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಸರ್ವಿಸ್ ಇಲ್ಲ.

ಒಂದು ವಿಷಯ ಮಾತ್ರ ಮರೆಯಬೇಡಿ. ಇದಕ್ಕೆ ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕ್. ನಿಮ್ಮ ಮುಂದಿರುವ ಸ್ಕೂಟರ್‌ಗೆ ಡಿಸ್ಕ್ ಇರುತ್ತದೆ, ಅದು ಗಕ್ಕನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಅಂತರ ಇಟ್ಟುಕೊಳ್ಳಿ.

ಯಾವ ಮಾಡೆಲ್ ಒಳ್ಳೇದು?

ಇದರ ಬಗ್ಗೆ ಜಗಳ ಆಗದ ರೈಡ್ ಇಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ, ಬೈಯ್ಯುವವರು ಬೈಯ್ಯಲಿ. ದಿನಬಳಕೆಗೆ ರೋಡ್‌ಕಿಂಗ್. 1978ರಲ್ಲಿ ಬಂದದ್ದು, ಎಳೆತ ಚೆನ್ನಾಗಿದೆ, ಸ್ಪೇರ್ ಸುಲಭ. ಕ್ಲಾಸಿಕ್, ಡೀಲಕ್ಸ್ ಕೂಡ ನೆಮ್ಮದಿಯ ಗಾಡಿಗಳು. ಮೊದಲ ಕಾಲದ ಜಾವಾ ನೋಡಲು ಎಲ್ಲಕ್ಕಿಂತ ಚೆಂದ. ಮೆರೂನ್ ಬಣ್ಣ, ಟ್ಯಾಂಕ್‌ನ ಎರಡು ಕಡೆ ಕ್ರೋಮ್, ಮೊಣಕಾಲು ತಾಗುವ ಕಡೆ ರಬ್ಬರ್ ಪ್ಯಾಡ್. ಆದರೆ ಅದರದ್ದು 16 ಇಂಚಿನ ಚಕ್ರ, 3.25-16 ಟೈರ್‌ಗೆ ನಾಲ್ಕು ಅಂಗಡಿ ಸುತ್ತಬೇಕಾಗುತ್ತದೆ. ಆಯಿಲ್‌ಕಿಂಗ್ ಅಂತ ಇನ್ನೊಂದಿದೆ, ಅದಕ್ಕೆ ಎಣ್ಣೆ ಪಂಪ್ ಬೇರೆಯೇ ಇರುತ್ತದೆ. ಬಹಳ ಜನ ಆ ಪಂಪ್ ತೆಗೆಸಿ ಮಾಮೂಲಿನಂತೆ ಪೆಟ್ರೋಲ್‌ಗೇ ಎಣ್ಣೆ ಬೆರೆಸುತ್ತಾರೆ. ಎರಡು ಸಿಲಿಂಡರ್‌ನ 350 ಟ್ವಿನ್ ಸಿಕ್ಕರೆ ಪುಣ್ಯ, ಆದರೆ ಮೊದಲ ಗಾಡಿಯಾಗಿ ಅದು ಬೇಡ.

ಕೊಳ್ಳುವಾಗ ಏನು ನೋಡಬೇಕು?

ಮೊದಲು ಕಾಗದ, ಆಮೇಲೆ ಗಾಡಿ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿಯ ಮೇಲೆ ನೀವೇ ಬಗ್ಗಿ ಓದಿ. ಗ್ರೀಸ್ ಮೆತ್ತಿದ್ದರೆ ಬಟ್ಟೆಯಿಂದ ಒರೆಸಿ ಓದಿ. ಎಷ್ಟೋ ಯೆಜ್ಡಿಗಳಿಗೆ ನಡುವೆ ಬೇರೆ ಇಂಜಿನ್ ಕೂರಿಸಿರುತ್ತಾರೆ, ಅದು ಆರ್‌ಸಿಯಲ್ಲಿ ಇರುವುದಿಲ್ಲ. "ಅದೆಲ್ಲ ಆಮೇಲೆ ಮಾಡಿಸಬಹುದು ಸಾರ್" ಅಂದರೆ ಟೀ ಕುಡಿದು ವಾಪಸ್ ಬನ್ನಿ.

ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ಮಾಡಿಸಿ, ಆಮೇಲೆ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಮಾರಲು ಒಪ್ಪಿ ಇನ್ನೊಬ್ಬರು ಒಪ್ಪದ ಗಾಡಿಗೆ ಮುಂಗಡ ಕೊಡಬೇಡಿ, ಅದು ಗಾಡಿ ವ್ಯವಹಾರ ಅಲ್ಲ, ಆಸ್ತಿ ವ್ಯಾಜ್ಯ.

ಗಾಡಿ ನೋಡುವಾಗ ಇಂಜಿನ್ ತಣ್ಣಗಿದೆಯಾ ಅಂತ ಕೈ ಇಟ್ಟು ನೋಡಿ. ನೀವು ಬರುವ ಮುಂಚೆ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತಿದ್ದಾರೆ ಅಂತ ಅರ್ಥ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ಶಬ್ದ ಕೇಳಿ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಎಲ್ಲಾದರೂ ಹಿಡಿಯುತ್ತದಾ ನೋಡಿ. ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಮಾಸಿದ ಪೇಂಟ್, ಒಬ್ಬನೇ ಮಾಲೀಕ, ದಿನಾ ಓಡುತ್ತಿರುವ ಗಾಡಿ, ಈ ಮೂರೂ ಒಟ್ಟಿಗೆ ಸಿಕ್ಕರೆ ಚೌಕಾಸಿ ಜಾಸ್ತಿ ಮಾಡದೆ ತಗೊಂಡುಬಿಡಿ.

ಆರ್‌ಟಿಓ ಕೆಲಸ ತಲೆನೋವಾ? ವಿಂಟೇಜ್ ನಂಬರ್ ಮಾಡಿಸಬೇಕಾ?

ತಲೆನೋವೇ, ಆದರೆ ಆಗುವ ಕೆಲಸ. 15 ವರ್ಷ ದಾಟಿದ ಗಾಡಿಗೆ ಫಾರಂ 25ರಲ್ಲಿ ಅರ್ಜಿ ಹಾಕಿ, ಹಸಿರು ತೆರಿಗೆ ಕಟ್ಟಿ, ಗಾಡಿ ತೋರಿಸಿದರೆ ಐದು ವರ್ಷಕ್ಕೆ ನೋಂದಣಿ ಮುಂದುವರಿಯುತ್ತದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಬೈಕ್‌ಗಳ ನವೀಕರಣ ಶುಲ್ಕವನ್ನು 2,000 ರೂಪಾಯಿಗೆ ಏರಿಸಿದೆ. ಎಚ್‌ಎಸ್‌ಆರ್‌ಪಿ ಪ್ಲೇಟ್ ನಮ್ಮ ಗಾಡಿಗಳಿಗೂ ಬೇಕು. ಕೆಎ ಬರುವ ಮುಂಚಿನ ಎಂವೈ, ಸಿಎ ಅಂತ ಶುರುವಾಗುವ ನಂಬರ್ ಇದ್ದರೆ ದಾಖಲೆ ಕಂಪ್ಯೂಟರ್‌ಗೆ ಸೇರಿದೆಯಾ ಅಂತ ಮೊದಲೇ ವಿಚಾರಿಸಿ. ಸೇರಿಲ್ಲದಿದ್ದರೆ ಉಳಿದ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಪಾಳಿಯಲ್ಲಿ ನಿಂತಾಗ ಪುಸ್ತಕದ ಆರ್‌ಸಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೊಳ್ಳಿ, ಮಡಿಕೆಗಳಲ್ಲಿ ಹರಿದುಹೋಗುತ್ತದೆ.

ವಿಂಟೇಜ್ ವಿಷಯ: 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ವಿಎ ಸರಣಿಯ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಅದನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನಾ ಓಡಿಸುವಂತಿಲ್ಲ. ನಮಗೆ ಯಾಕೆ ಅದು? ಮಾಮೂಲಿ ನೋಂದಣಿಯನ್ನೇ ಜೀವಂತ ಇಟ್ಟುಕೊಳ್ಳಿ.

ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಕಡ್ಡಾಯ. 150ರಿಂದ 350 ಸಿಸಿ ಬೈಕ್‌ಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 1,366 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಎಮಿಷನ್ ಸರ್ಟಿಫಿಕೇಟ್ ಆರು ತಿಂಗಳಿಗೊಮ್ಮೆ.

ಕಿಕ್ಕರ್ ಎಲ್ಲಿದೆ? ಸ್ಟಾರ್ಟ್ ಮಾಡೋದು ಹೇಗೆ?

ಎಡಗಡೆ ಗೇರ್ ಲಿವರ್ ಇದೆಯಲ್ಲ, ಅದೇ ಕಿಕ್ಕರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಮೇಲೆ ಎದ್ದು ನಿಲ್ಲುತ್ತದೆ. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಿರುಗಿಸಿ ಮಲಗಿಸಿದರೆ ಮತ್ತೆ ಗೇರ್ ಲಿವರ್. ಹೊಸಬರಿಗೆ ಗಾಡಿ ಕೊಟ್ಟಾಗ ಇದನ್ನು ಹೇಳದಿದ್ದರೆ ಅವರು ಗೇರ್ ಹುಡುಕುತ್ತಾ ಗಾಬರಿಯಾಗುತ್ತಾರೆ.

ತಣ್ಣಗಿನ ಇಂಜಿನ್‌ಗೆ ಕ್ರಮ ಹೀಗೆ. ಪೆಟ್ರೋಲ್ ಕಾಕ್ ತೆರೆಯಿರಿ. ಕಾರ್ಬ್ಯುರೇಟರ್ ಪಕ್ಕದ ಟಿಕ್ಲರ್ ಗುಂಡಿಯನ್ನು ಬೆರಳಿಂದ ಒತ್ತಿ, ಬೆರಳ ತುದಿ ಒದ್ದೆಯಾಗುವವರೆಗೆ. ಕೀ ಹಾಕದೆಯೇ ಎರಡು ಸಲ ನಿಧಾನಕ್ಕೆ ಕಿಕ್ ಮಾಡಿ, ಪೆಟ್ರೋಲ್ ಒಳಗೆ ಎಳೆದುಕೊಳ್ಳಲಿ. ಈಗ ಹೆಡ್‌ಲೈಟ್ ಮೇಲಿನ ಕೀ ಒತ್ತಿ, ಕೆಂಪು ದೀಪ ಹತ್ತಿತಾ ನೋಡಿ, ಆಕ್ಸಲರೇಟರ್ ತೀರಾ ಸ್ವಲ್ಪ ಕೊಟ್ಟು ಒಂದೇ ಪಟ್ಟು ಒತ್ತಿ. ಒದೆಯಬೇಡಿ, ಒತ್ತಿ. ಸರಿಯಿರುವ ಗಾಡಿ ಎರಡನೇ ಕಿಕ್‌ಗೆ ಹಿಡಿಯುತ್ತದೆ. ಹಿಡಿದ ಕೂಡಲೇ ರೇಸ್ ಮಾಡಬೇಡಿ, ಸಿಲಿಂಡರ್ ಮೇಲೆ ಕೈ ಇಟ್ಟರೆ ಬೆಚ್ಚಗೆ ಅನಿಸುವವರೆಗೆ ಸುಮ್ನೆ ಬಿಡಿ.

ಬಿಸಿ ಇಂಜಿನ್‌ಗೆ ಟಿಕ್ಲರ್ ಮುಟ್ಟಬೇಡಿ, ಓವರ್‌ಫ್ಲೋ ಆಗುತ್ತದೆ. ಹಾಗೆ ಆಗಿಬಿಟ್ಟರೆ ಕಾಕ್ ಮುಚ್ಚಿ, ಆಕ್ಸಲರೇಟರ್ ಪೂರ್ತಿ ತೆರೆದು ಏಳೆಂಟು ಕಿಕ್ ಹೊಡೆಯಿರಿ. ಆಗಲೂ ಸ್ಟಾರ್ಟ್ ಆಗದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿ.

ಕ್ಲಚ್ ಹಿಡಿಯದೆ ಗೇರ್ ಹಾಕಬಹುದು ಅಂತಾರಲ್ಲ, ನಿಜಾನಾ?

ನಿಜ. ಗೇರ್ ಲಿವರ್ ಒತ್ತಿದಾಗ ಒಳಗೇ ಕ್ಲಚ್ ಬಿಡಿಸುವ ವ್ಯವಸ್ಥೆ ಇದೆ. ಅದರ ಅಡ್ಜಸ್ಟ್‌ಮೆಂಟ್ ಸರಿ ಇದ್ದರೆ ಕೈ ಮುಟ್ಟದೆ ಗೇರ್ ಬೀಳುತ್ತದೆ. ಕ್ಲಚ್ ಕೇಬಲ್ ತುಂಡಾದ ದಿನ ಮನೆ ಸೇರಿಸುವುದು ಇದೇ. ಉಳಿದ ದಿನ ಕ್ಲಚ್ ಹಿಡಿಯಿರಿ.

ಪೆಟ್ರೋಲ್‌ಗೆ ಎಣ್ಣೆ ಎಷ್ಟು ಹಾಕಬೇಕು?

ನಮ್ಮ ಕಡೆ ರೂಢಿ ಲೀಟರಿಗೆ 30ರಿಂದ 40 ಎಂಎಲ್ ಟೂ-ಟಿ, ಅಂದರೆ ಎರಡು ಸ್ಟ್ರೋಕ್ ಇಂಜಿನ್‌ನ ಎಣ್ಣೆ. ಹೊಸದಾಗಿ ಬೋರ್ ಹಾಕಿಸಿದ ಇಂಜಿನ್‌ಗೆ 40ಕ್ಕಿಂತ ಕಮ್ಮಿ ಬೇಡ. ಡಬ್ಬದ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಅಂತ ಇರುವುದನ್ನು ತಗೊಳ್ಳಿ. ಬಂಕ್‌ನಲ್ಲಿ ಮೊದಲು ಎಣ್ಣೆ ಸುರಿದು ಆಮೇಲೆ ಪೆಟ್ರೋಲ್ ಹಾಕಿಸಿ, ಆ ರಭಸಕ್ಕೆ ತಾನೇ ಬೆರೆಯುತ್ತದೆ. ಮೇಲಿಂದ ಸುರಿದರೆ ಎಣ್ಣೆ ತಳಕ್ಕೆ ಇಳಿದು ಕಾಕ್ ಬಾಯಲ್ಲಿ ಕೂರುತ್ತದೆ. ಬಂಕ್ ಹುಡುಗರಿಗೆ ಈಗ ಇದು ಗೊತ್ತಿರುವುದಿಲ್ಲ, "ತಡಿಯಪ್ಪ" ಅಂತ ನೀವೇ ಹೇಳಬೇಕು. ಹೊಗೆ ಬರುತ್ತದೆ ಅಂತ ಎಣ್ಣೆ ಕಡಿಮೆ ಮಾಡುವವರಿದ್ದಾರೆ. ಅಲ್ಲಿ ಉಳಿಸಿದ ಇಪ್ಪತ್ತು ರೂಪಾಯಿ ಲೇತ್ ಅಂಗಡಿಗೆ ಬಡ್ಡಿ ಸಮೇತ ಹೋಗುತ್ತದೆ.

ಎಥನಾಲ್ ಪೆಟ್ರೋಲ್‌ನಿಂದ ತೊಂದರೆ ಇದೆಯಾ?

ಇದೆ, ಆದರೆ ಗಾಬರಿ ಬೀಳುವಷ್ಟಲ್ಲ. ಶೇ 20 ಎಥನಾಲ್ ಇರುವ ಇ20ಯನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಎಲ್ಲಾ ಕಡೆ ಹೆಚ್ಚು ಕಡಿಮೆ ಅದೇ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ನಿಂತ ಗಾಡಿಯ ಟ್ಯಾಂಕ್ ಒಳಗೆ ತುಕ್ಕು ಬೇಗ. ಹಳೇ ರಬ್ಬರ್ ಪೈಪ್, ವಾಷರ್‌ಗಳನ್ನೂ ಮೆತ್ತಗೆ ಮಾಡುತ್ತದೆ. ಪೈಪ್ ಬದಲಿಸಿ, ಕಾಕ್ ಕೆಳಗೆ ಫಿಲ್ಟರ್ ಹಾಕಿ, ಮಿಕ್ಶ್ಚರ್ ಸ್ವಲ್ಪ ರಿಚ್ ಮಾಡಿಸಿ, ಅಂದರೆ ಗಾಳಿಯ ಜೊತೆ ಬೆರೆಯುವ ಪೆಟ್ರೋಲ್ ತುಸು ಜಾಸ್ತಿ. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ಹಳತಾಗುವುದೇ ಇಲ್ಲ, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಹೊಗೆ ಜಾಸ್ತಿ ಬರ್ತಿದೆ, ಏನು ಮಾಡಲಿ?

ಬೆಳಗ್ಗೆ ಮೊದಲ ಐದು ನಿಮಿಷದ ಹೊಗೆಗೆ ತಲೆ ಕೆಡಿಸಿಕೊಳ್ಳಬೇಡಿ. ಬಿಸಿಯಾದ ಮೇಲೂ ಹಿಂದೆ ಬಿಳಿ ಮೋಡ ಏಳುತ್ತಿದ್ದರೆ ಗೇರ್ ಆಯಿಲ್ ಮಟ್ಟ ನೋಡಿ. ಅದು ಕಡಿಮೆಯಾಗುತ್ತಾ ಬಂದರೆ ಎಡಗಡೆ, ಅಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಇಂಜಿನ್ ಗೇರ್ ಆಯಿಲ್ ಕುಡಿಯುತ್ತಿದೆ. ಇದು ಖರ್ಚು, ಅಪಾಯ ಅಲ್ಲ. ಬಲಗಡೆ ಡೈನಮೋ ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಅದೇ ಹೆಚ್ಚು ಅಪಾಯ. ಅಲ್ಲಿಂದ ಗಾಳಿ ಒಳಗೆ ಹೋಗಿ ಮಿಕ್ಶ್ಚರ್ ತೆಳುವಾಗುತ್ತದೆ, ಆಕ್ಸಲರೇಟರ್ ಬಿಟ್ಟರೂ ಇಂಜಿನ್ ತಾನೇ ಕೂಗುತ್ತದೆ, ಬಿಸಿ ಏರುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರ್ ಒಳಗೇ ಸಿಕ್ಕಿ ಹಿಡಿದುಕೊಳ್ಳುತ್ತದೆ.

ಪ್ಲಗ್ ಬಿಚ್ಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ತುದಿ ಬಿಸ್ಕತ್ ಬಣ್ಣ ಇದ್ದರೆ ಎಲ್ಲ ಸರಿ. ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಅಥವಾ ಎಣ್ಣೆ ಜಾಸ್ತಿ. ಸುಣ್ಣದಂತೆ ಬೆಳ್ಳಗಿದ್ದರೆ ಆ ಗಾಡಿಯಲ್ಲಿ ಮುಂದೆ ಹೋಗಬೇಡಿ, ಮೊದಲು ಕಾರಣ ಹುಡುಕಿ.

ಪರಿಸರಕ್ಕೆ ಕೆಟ್ಟದ್ದಲ್ವಾ ಇದು?

ಹೌದು. ಎರಡು ಸ್ಟ್ರೋಕ್ ಇಂಜಿನ್‌ನಲ್ಲಿ ಉರಿಯದ ಪೆಟ್ರೋಲ್ ಸ್ವಲ್ಪ ಹಾಗೇ ಸೈಲೆನ್ಸರ್‌ಗೆ ಹೋಗುತ್ತದೆ. ಈ ಬಗೆಯ ಬೈಕ್‌ಗಳು ನಿಂತುಹೋಗಿದ್ದೇ ಅದಕ್ಕೆ. ವಾದ ಮಾಡಿ ಪ್ರಯೋಜನ ಇಲ್ಲ. ಟ್ಯೂನಿಂಗ್ ಸರಿ ಇಟ್ಟುಕೊಳ್ಳಿ, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಹತ್ತು ನಿಮಿಷ ಐಡಲ್ ಬಿಟ್ಟು ಅಕ್ಕಪಕ್ಕದವರ ಮನೆಗೆ ಹೊಗೆ ತುಂಬಿಸಬೇಡಿ.

ಘಾಟಿ ಇಳಿಯುವಾಗ ಇಂಜಿನ್ ಹಿಡಿದುಕೊಳ್ಳುತ್ತೆ ಅಂತಾರೆ. ಯಾಕೆ?

ಈ ಇಂಜಿನ್‌ಗೆ ಎಣ್ಣೆ ಸಿಗುವುದು ಪೆಟ್ರೋಲ್ ಜೊತೆಯಲ್ಲೇ. ಆಕ್ಸಲರೇಟರ್ ಪೂರ್ತಿ ಮುಚ್ಚಿ, ಗೇರ್‌ನಲ್ಲೇ ಉದ್ದಕ್ಕೆ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಬರುವುದಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಸಣ್ಣಗೆ ಆಕ್ಸಲರೇಟರ್ ಕೊಡುತ್ತಾ ಇಳಿಯಿರಿ. ನಾಲ್ಕು ಸ್ಟ್ರೋಕ್ ಗಾಡಿಯಷ್ಟು ಇಂಜಿನ್ ಬ್ರೇಕಿಂಗ್ ಇದರಲ್ಲಿ ಸಿಗುವುದಿಲ್ಲ, ಭಾರವೆಲ್ಲ ಡ್ರಮ್ ಬ್ರೇಕ್ ಮೇಲೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು ಇವೆ. ನಡುವೆ ಒಂದೆರಡು ಕಡೆ ನಿಲ್ಲಿಸಿ ಬ್ರೇಕ್ ತಣ್ಣಗಾಗಲು ಬಿಡಿ.

ಸಪಾಟು ರಸ್ತೆಯಲ್ಲೂ ಹೀಗಾಗಬಹುದು. ಗಾಡಿ ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಮಂಕಾದರೆ, ಅದೇ ಸೂಚನೆ. ತಕ್ಷಣ ಕ್ಲಚ್ ಹಿಡಿಯಿರಿ, ಪಕ್ಕಕ್ಕೆ ಹೋಗಿ, ಇಂಜಿನ್ ಆಫ್ ಮಾಡಿ. ಅರ್ಧ ಗಂಟೆ ಮುಟ್ಟಬೇಡಿ. ನೀರು ಸುರಿಯುವ ಬುದ್ಧಿವಂತರು ಯಾರಾದರೂ ಬಂದರೆ ದೂರ ಕಳಿಸಿ. ಆಮೇಲೆ ಕಿಕ್ಕರ್ ಕೈಯಲ್ಲಿ ಒತ್ತಿ ನೋಡಿ, ಸಲೀಸಾಗಿ ತಿರುಗಿದರೆ ಎಣ್ಣೆ ಸ್ವಲ್ಪ ಜಾಸ್ತಿ ಹಾಕಿ ನಿಧಾನಕ್ಕೆ ಮನೆಗೆ.

ಪಾಯಿಂಟ್ಸ್ ತೆಗೆಸಿ ಎಲೆಕ್ಟ್ರಾನಿಕ್ ಹಾಕಿಸಬೇಕಾ?

ರಾತ್ರಿ ಓಡಿಸುವವರಾದರೆ ಹಾಕಿಸಿ. ಹಳೇ ಗಾಡಿಯ 6 ವೋಲ್ಟ್ ಹೆಡ್‌ಲೈಟ್ ಬೆಳಕಲ್ಲಿ ಗುಂಡಿ ಕಾಣುವುದು ಗುಂಡಿಗೆ ಬಿದ್ದ ಮೇಲೆ. 12 ವೋಲ್ಟ್ ಎಲೆಕ್ಟ್ರಾನಿಕ್ ಕಿಟ್ ಹಾಕಿದರೆ ದೀಪ, ಹಾರ್ನ್, ಕಿಡಿ ಮೂರೂ ಸರಿಹೋಗುತ್ತವೆ. ಮೂಲರೂಪ ಕೆಟ್ಟಿತು ಅಂತ ಮೂಗು ಮುರಿಯುವವರು ರಾತ್ರಿ ಓಡಿಸುವವರಲ್ಲ ಅಂತ ತಿಳಿದುಕೊಳ್ಳಿ. ಹಗಲು ಮಾತ್ರ ಓಡಿಸುವವರಿಗೆ ಪಾಯಿಂಟ್ಸ್ ಸಾಕು. ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜ್‌ನಲ್ಲಿ ಅಳೆದು ಇಡಿ. ಕಿಲುಬಿದ್ದರೆ ನಯವಾದ ಎಮರಿ ಪೇಪರ್ ಒಮ್ಮೆ ಎಳೆದರೆ ಸಾಕು. ಕಂಡೆನ್ಸರ್ ಒಂದು ಯಾವಾಗಲೂ ಟೂಲ್ ಬಾಕ್ಸ್‌ನಲ್ಲಿರಲಿ.

ಪಿಕಪ್ ಇಲ್ಲ, ಸೈಲೆನ್ಸರ್ ಬದಲಿಸಲಾ?

ಬದಲಿಸಬೇಡಿ, ತೊಳೆಸಿ. ಎಣ್ಣೆ ಉರಿದ ಮಸಿ ಒಳಗಿನ ಬಾಫಲ್ ಪೈಪ್‌ನ ತೂತುಗಳನ್ನು ಮುಚ್ಚಿಬಿಡುತ್ತದೆ. ಬಾಫಲ್ ಹೊರಗೆಳೆದು, ಸುಟ್ಟು ಅಥವಾ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಗಾಡಿಗೆ ಹೊಸ ಉಸಿರು. ಕಾಸ್ಟಿಕ್ ಮುಟ್ಟುವಾಗ ಕೈಗವಸು, ಕನ್ನಡಕ ಬೇಕೇ ಬೇಕು. ಬಾಫಲ್ ತೆಗೆದು ಹಾಗೇ ಓಡಿಸಿದರೆ ಸದ್ದು ಜಾಸ್ತಿ, ಎಳೆತ ಕಡಿಮೆ, ಪೊಲೀಸರ ದಂಡ ಬೇರೆ.

ಮೈಲೇಜ್?

25ರಿಂದ 30. ಮುಂದಿನ ಪ್ರಶ್ನೆ.

ಮೆಕ್ಯಾನಿಕ್, ಸ್ಪೇರ್ ಎಲ್ಲಿ ಸಿಗುತ್ತೆ?

ಬೆಂಗಳೂರಲ್ಲಿ ಜೆ.ಸಿ. ರಸ್ತೆ, ಶಿವಾಜಿನಗರದ ಕಡೆ ಹುಡುಕಿದರೆ ಸಿಗದ ಸ್ಪೇರ್ ಕಡಿಮೆ. ಮೈಸೂರಲ್ಲಿ ಹಳೇ ಮೆಕ್ಯಾನಿಕ್‌ಗಳೇ ದಾರಿ ತೋರಿಸುತ್ತಾರೆ. ಹೊಸದಾಗಿ ಬರುವ ನಕಲಿ ಗೇರ್, ಕ್ಲಚ್ ಪ್ಲೇಟ್‌ಗಳಿಗಿಂತ ಗುಜರಿಯಲ್ಲಿ ಸಿಗುವ ಹಳೇ ಒರಿಜಿನಲ್ ಎಷ್ಟೋ ವಾಸಿ. ಆಯಿಲ್ ಸೀಲ್, ಬೇರಿಂಗ್ ಮಾತ್ರ ಹೊಸದೇ ಹಾಕಿ, ಅಳತೆ ಹೇಳಿದರೆ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ.

ಒಳ್ಳೇ ಮೆಕ್ಯಾನಿಕ್ ಹೇಗಿರುತ್ತಾರೆ ಅಂತ ಕೇಳಿದರೆ ಹೀಗೆ ಹೇಳುತ್ತೇನೆ. ಗಾಡಿ ಒಳಗೆ ಬಂದ ಕೂಡಲೇ ಸ್ಪ್ಯಾನರ್ ಎತ್ತುವುದಿಲ್ಲ. ಸ್ಟಾರ್ಟ್ ಮಾಡಿಸಿ, ತಲೆ ಓರೆ ಮಾಡಿ ಕೇಳುತ್ತಾರೆ, ಒಂದು ಸುತ್ತು ಓಡಿಸಿ ಬರುತ್ತಾರೆ, ಆಮೇಲೆ "ಟೀ ತರಿಸಿ" ಅನ್ನುತ್ತಾರೆ. ಇವರ ಹತ್ತಿರ ಅವಸರ ಮಾಡಬೇಡಿ. ಮಂಗಳವಾರ ಅಂದರೆ ಶುಕ್ರವಾರ ಅಂತ ಅಂದುಕೊಳ್ಳಿ. ಪಕ್ಕದಲ್ಲಿ ಕೂತು ನೋಡಿ ಕಲಿಯಿರಿ, ಬಿಚ್ಚಿದ ನಟ್ಟುಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟುಕೊಳ್ಳಿ, ಅವರಿಗೂ ಖುಷಿಯಾಗುತ್ತದೆ.

ರಿಸ್ಟೋರ್ ಮಾಡಿಸಲು ಎಲ್ಲಿಂದ ಶುರು ಮಾಡಲಿ?

ಇಂಜಿನ್, ಬ್ರೇಕ್, ಟೈರ್, ವೈರಿಂಗ್. ಈ ನಾಲ್ಕು ಆದ ಮೇಲೆ ಆರು ತಿಂಗಳು ಓಡಿಸಿ. ಪೇಂಟ್, ಕ್ರೋಮ್ ಎಲ್ಲ ಆಮೇಲೆ. ಜನ ತಿರುಗಾಮುರುಗಾ ಮಾಡುತ್ತಾರೆ, ಮೊದಲು ಪೇಂಟ್ ಮಾಡಿಸಿ, ದುಡ್ಡು ಮುಗಿದು, ಹೊಳೆಯುವ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಾರೆ. ಟ್ಯಾಂಕ್ ಕ್ರೋಮ್ ಮಾಡಿಸುವಾಗ ಅಗ್ಗದ ಕಡೆ ಹೋದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ.

ಗುಂಪಿನ ರೈಡ್‌ಗೆ ಬರಬೇಕು ಅಂತಿದೆ. ನಿಯಮ ಏನಾದ್ರೂ ಇದೆಯಾ?

ಹಿಂದಿನ ರಾತ್ರಿಯೇ ಪೆಟ್ರೋಲ್, ಎಣ್ಣೆ ತುಂಬಿಸಿ ಬನ್ನಿ. ಐದೂವರೆ ಅಂದರೆ ಐದೂವರೆ. ಒಬ್ಬರ ಹಿಂದೆ ಒಬ್ಬರು ನೇರ ಸಾಲಲ್ಲಿ ಬರಬೇಡಿ, ಒಬ್ಬರು ಎಡಕ್ಕೆ, ಇನ್ನೊಬ್ಬರು ಸ್ವಲ್ಪ ಹಿಂದೆ ಬಲಕ್ಕೆ. ಮುಂದಿನವರ ಹೊಗೆಯೂ ಮುಖಕ್ಕೆ ಬಡಿಯುವುದಿಲ್ಲ, ಬ್ರೇಕ್ ಹಾಕಲು ಜಾಗವೂ ಇರುತ್ತದೆ. ಎಲ್ಲರ ಹಿಂದೆ ಬರುವವರ ಹತ್ತಿರ ಟೂಲ್ಸ್ ಇರುತ್ತದೆ, ಅವರನ್ನು ಯಾರೂ ಹಿಂದೆ ಬಿಡುವುದಿಲ್ಲ, ಅವರೂ ಯಾರನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ. ಅರವತ್ತು ಎಪ್ಪತ್ತರಲ್ಲಿ ಹೋಗುತ್ತೇವೆ. ರೇಸ್ ಬೇಕಾದವರಿಗೆ ಬೇರೆ ಗುಂಪುಗಳಿವೆ. ಐಎಸ್‌ಐ ಗುರುತಿನ ಹೆಲ್ಮೆಟ್ ಇಬ್ಬರಿಗೂ ಬೇಕು, ಹಿಂದೆ ಕೂತವರಿಗೂ.

ನಿಮ್ಮ ಹತ್ತಿರ ಇರಬೇಕಾದ್ದು: ಪ್ಲಗ್ ಮತ್ತು ಪ್ಲಗ್ ಸ್ಪ್ಯಾನರ್, ಕ್ಲಚ್ ಮತ್ತು ಆಕ್ಸಲರೇಟರ್ ಕೇಬಲ್, ಚೈನ್ ಲಾಕ್, ಫ್ಯೂಸ್, ಒಂದು ತುಂಡು ವೈರ್, ಇನ್ಸುಲೇಷನ್ ಟೇಪ್, ಟ್ಯೂಬ್, ಎಣ್ಣೆ. ಪಂಚರ್‌ಗೆ ಹೆದರಬೇಡಿ, ಚೈನ್ ಮತ್ತು ಸ್ಪ್ರಾಕೆಟ್ ಹಾಗೇ ಇರುವಾಗ ಹಿಂದಿನ ಚಕ್ರ ಮಾತ್ರ ಹೊರಗೆ ಬರುವ ಹಾಗೆ ಮಾಡಿದ್ದಾರೆ. ಎಷ್ಟು ಜಾಣ ಜನ!

ಯಾರದ್ದಾದರೂ ಗಾಡಿ ನಿಂತರೆ ಹತ್ತು ಜನ ಸುತ್ತ ಕುಕ್ಕರಗಾಲಲ್ಲಿ ಕೂತು ಹನ್ನೆರಡು ಕಾರಣ ಹೇಳುತ್ತಾರೆ. ಒಬ್ಬರು ಮಾತ್ರ ಕೈ ಹಾಕಿ. ಮೊದಲು ಪೆಟ್ರೋಲ್ ಕಾಕ್ ತೆರೆದಿದೆಯಾ ನೋಡಿ. ನಗಬೇಡಿ, ಅರ್ಧ ಕೇಸು ಅಲ್ಲೇ ಬಗೆಹರಿಯುತ್ತದೆ.

ಎಲ್ಲಿಗೆ ಹೋಗ್ತೀರಿ?

ನಂದಿ ಬೆಟ್ಟ ಭಾನುವಾರ ಬೇಡವೇ ಬೇಡ, ಜಾತ್ರೆ. ದೇವರಾಯನದುರ್ಗ, ಶಿವಗಂಗೆ, ಮೇಲುಕೋಟೆ, ತಲಕಾಡು ನಮ್ಮ ಗಾಡಿಗಳಿಗೆ ಹೇಳಿ ಮಾಡಿಸಿದ ದಾರಿಗಳು. ಬಂಡೀಪುರದ ಕಡೆ ಹೋದರೆ ನೆನಪಿರಲಿ, ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಗಾಡಿ ಕೆಟ್ಟು ತಡವಾಗುವ ಸಾಧ್ಯತೆ ಇಟ್ಟುಕೊಂಡೇ ಲೆಕ್ಕ ಹಾಕಿ. ಕಾಡಿನೊಳಗೆ ಪ್ಲಗ್ ಬಿಚ್ಚುವ ಹಾಗಿಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶ ಇಲ್ಲ. ಕೆಲವರಿಗೆ ಬೇಜಾರು, ನನಗೆ ಅಷ್ಟೇನೂ ಇಲ್ಲ. ಸರ್ವಿಸ್ ರಸ್ತೆ, ಹಳೇ ಊರೊಳಗಿನ ದಾರಿ ಹಿಡಿದರೆ ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ಮುಂದೆ ಟೀ, ಮದ್ದೂರಲ್ಲಿ ವಡೆ. ಮೂರು ಕಡೆ ಇಂಜಿನ್ ತಣ್ಣಗಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಮೇಲೆ ಹೋಗುವ ಕಾರುಗಳ ನಡುವೆ ಡ್ರಮ್ ಬ್ರೇಕ್ ಗಾಡಿಗೆ ಏನು ಕೆಲಸ?

ಜಾವಾ ಡೇ ಅಂದ್ರೆ ಏನು?

ಜುಲೈ ತಿಂಗಳ ಎರಡನೇ ಭಾನುವಾರ. ಬೆಂಗಳೂರು, ಮೈಸೂರು ಸೇರಿ ಹಲವು ಊರುಗಳಲ್ಲಿ ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲ ಒಂದು ಕಡೆ ಸೇರುತ್ತಾರೆ. ಗಾಡಿ ಇಲ್ಲದಿದ್ದರೂ ಬನ್ನಿ. ಒಂದೇ ಸಲ ಐವತ್ತು ಗಾಡಿ ಸ್ಟಾರ್ಟ್ ಆದಾಗ ಹೊಗೆಯಲ್ಲಿ ಮೈದಾನದ ಈ ತುದಿಗೆ ಆ ತುದಿ ಕಾಣುವುದಿಲ್ಲ. ಮಳೆ ಬಂದೇ ಬರುತ್ತದೆ, ರೇನ್‌ಕೋಟ್ ತನ್ನಿ. ಸ್ಪೇರ್ ವಿನಿಮಯ, ಮೆಕ್ಯಾನಿಕ್‌ಗಳ ಪರಿಚಯ ಎಲ್ಲ ಅಲ್ಲೇ ಆಗುವುದು.

ನಾನು ಹುಡುಗಿ, ಐದಡಿ ಎರಡಂಗುಲ. ಓಡಿಸಬಹುದಾ?

ಯಾಕಾಗಬಾರದು? ಸೀಟ್ ತಗ್ಗಿನಲ್ಲಿದೆ, ಕಿಕ್ ಬುಲೆಟ್‌ನಷ್ಟು ಒರಟಲ್ಲ. ಸೆಂಟರ್ ಸ್ಟ್ಯಾಂಡ್ ಹಾಕುವುದೊಂದೇ ಪಟ್ಟು ಕಲಿಯಬೇಕಾದ್ದು. ಕೈಯಲ್ಲಿ ಎತ್ತಬೇಡಿ, ಸ್ಟ್ಯಾಂಡ್ ಮೇಲೆ ಪೂರ್ತಿ ತೂಕ ಬಿಟ್ಟು ನಿಲ್ಲಿ, ಗಾಡಿ ತಾನೇ ಹತ್ತುತ್ತದೆ. ಎಲ್ಲರೆದುರು ಕಿಕ್ ಹೊಡೆಯುವಾಗ "ಕೊಡಿ, ನಾನು ಮಾಡ್ತೀನಿ" ಅಂತ ಬರುವ ಗಂಡಸರಿಗೆ ಕೀ ಕೊಡಬೇಡಿ.

ಎಲ್ಲಾ ಯೆಜ್ಡಿಗೂ ಒಂದೇ ಕೀ ಅಂತೆ?

ಹೌದು, ಸಾಮಾನ್ಯವಾಗಿ ಒಂದರ ಕೀ ಇನ್ನೊಂದಕ್ಕೆ ಆಗುತ್ತದೆ. ರೈಡ್‌ಗೆ ಕೀ ಮರೆತು ಬಂದರೆ ಅನುಕೂಲ, ಕಳ್ಳನಿಗೂ ಅಷ್ಟೇ ಅನುಕೂಲ. ಚಕ್ರಕ್ಕೆ ಸರಪಳಿ ಬೀಗ ಹಾಕಿ.

ಮೂರು ತಿಂಗಳು ಊರಲ್ಲಿ ಇರಲ್ಲ. ಗಾಡಿ ಏನು ಮಾಡಲಿ?

ನಂಬಿಕೆಯ ಗೆಳೆಯರಿದ್ದರೆ ಓಡಿಸಲು ಕೊಟ್ಟು ಹೋಗಿ, ಅದೇ ಒಳ್ಳೆಯದು. ಇಲ್ಲದಿದ್ದರೆ ಕಾಕ್ ಮುಚ್ಚಿ ಇಂಜಿನ್ ತಾನೇ ನಿಲ್ಲುವವರೆಗೆ ಓಡಲು ಬಿಡಿ, ಕಾರ್ಬ್ಯುರೇಟರ್ ಖಾಲಿಯಾಗುತ್ತದೆ. ಟ್ಯಾಂಕ್ ಪೆಟ್ರೋಲ್ ಇಳಿಸಿ, ಒಳಗೆ ಸ್ವಲ್ಪ ಎಣ್ಣೆ ಹಾಕಿ ಅಲ್ಲಾಡಿಸಿ. ಪ್ಲಗ್ ಬಿಚ್ಚಿ ಎರಡು ಚಮಚ ಎಣ್ಣೆ ಬಿಟ್ಟು ಮೆಲ್ಲಗೆ ಎರಡು ಕಿಕ್. ಬ್ಯಾಟರಿ ವೈರ್ ಬಿಚ್ಚಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತದೆ. ಸೈಲೆನ್ಸರ್ ಬಾಯಿಗೂ ಬಟ್ಟೆ ತುರುಕಿ, ಇಲಿ, ಹಲ್ಲಿ ಹೋಗುತ್ತವೆ. ವಾಪಸ್ ಬಂದಾಗ ಅದನ್ನು ತೆಗೆಯುವುದು ನೆನಪಿರಲಿ.

ಮನೆಯಲ್ಲಿ ಮಾರು ಅಂತಿದ್ದಾರೆ. ಮಾರಲಾ?

ಓಡಿಸುತ್ತಿದ್ದರೆ ಮಾರಬೇಡಿ. ಒಂದು ವರ್ಷದಿಂದ ಕವರ್ ತೆಗೆದಿಲ್ಲ ಅಂದರೆ ಮಾರಿ, ಓಡಿಸುವವರಿಗೆ ಕೊಡಿ. ಜಾಸ್ತಿ ದುಡ್ಡಿಗೆ ಹೋಟೆಲ್ ಮುಂದೆ ಅಲಂಕಾರಕ್ಕೆ ನಿಲ್ಲಿಸುವವರು ಬರುತ್ತಾರೆ, ಅದು ನಿಮ್ಮಿಷ್ಟ, ನಾನಾದರೆ ಕೊಡುವುದಿಲ್ಲ. ಯಾರಿಗೇ ಕೊಟ್ಟರೂ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು, ಅವರ ಗುರುತಿನ ಚೀಟಿ ಪ್ರತಿ ತಗೊಂಡು, ಗಾಡಿ ಕೊಟ್ಟ ತಾರೀಕು ಮತ್ತು ಗಂಟೆ ಬರೆದ ಡೆಲಿವರಿ ಚೀಟಿ ಇಟ್ಟುಕೊಳ್ಳಿ. ಟ್ರಾನ್ಸ್‌ಫರ್ ಆಗಿದೆಯಾ ಅಂತ ನೀವೇ ಆನ್‌ಲೈನ್‌ನಲ್ಲಿ ನೋಡಿ, "ಆಗುತ್ತೆ ಬಿಡಿ ಸಾರ್" ಅನ್ನುವ ಮಾತಿನ ಮೇಲೆ ಬಿಡಬೇಡಿ. ಡಬ್ಬದಲ್ಲಿ ಉಳಿದ ಸ್ಪೇರ್‌ಗಳನ್ನೂ ಗಾಡಿ ಜೊತೆಗೇ ಕೊಟ್ಟುಬಿಡಿ, ನಿಮಗೆ ಬೇಡ, ಅವರಿಗೆ ಮುಂದಿನ ತಿಂಗಳೇ ಬೇಕಾಗುತ್ತದೆ.